ಮನೆಯ ಮಾರಾಟಕ್ಕೊಂದು ಲೆಕ್ಕದ ಹಾಳೆ

ಕಳೆದ ಬಾರಿ ಮಕ್ಕಳ ಪ್ರಥಮ ಪರಮಪ್ರಸಾದದ ಸಂದರ್ಭದಲ್ಲಿ ಬಾಗಲಗುಂಟೆಯ ಒಂದು ಕಥೋಲಿಕ ಮನೆಯಲ್ಲಿ ಅತ್ತಿಗೆ ಮೈದುನರ ನಡುವೆ ಎರಡು ವಾರಗಳ ಕಾಲ ಮಾತು ನಿಂತುಹೋಗಿತ್ತು. ಕಾರಣ ಆಸ್ತಿಯ ತಕರಾರಲ್ಲ. ಮದುವೆ ಮುಂಜಿಯ ಮುನಿಸೂ ಅಲ್ಲ. ಬಿಸ್ಕತ್ತಿನ ಹಳೆಯ ಡಬ್ಬಿಯೊಂದರಲ್ಲಿ ಇರಬೇಕಾದಷ್ಟು ಹಣ ಇರಲಿಲ್ಲ, ಅಷ್ಟೆ. ಕಳ್ಳತನವೆಂಬ ಮಾತನ್ನು ಯಾರೂ ಬಾಯಿ ಬಿಟ್ಟು ಆಡಲಿಲ್ಲ. ಆಡದೆ ಉಳಿದ ಆ ಮಾತೇ ಮನೆಯ ತುಂಬ ಓಡಾಡುತ್ತಿತ್ತು. ಭಾನುವಾರದ ಬಲಿಪೂಜೆಗೂ ಅತ್ತಿಗೆ ಒಂದು ಹೊತ್ತಿಗೆ, ಮೈದುನ ಇನ್ನೊಂದು ಹೊತ್ತಿಗೆ ಹೋಗುವಂತಾಯಿತು.

ಆ ಮನೆಯ ಸಂಗತಿಯನ್ನು ಇಲ್ಲಿ ಬರೆಯಲು ಅವರಿಬ್ಬರ ಒಪ್ಪಿಗೆ ಇದೆ; ಹೆಸರು ಮಾತ್ರ ಬೇಡವೆಂದಿದ್ದಾರೆ. ಇಂಥ ಡಬ್ಬಿಗಳು ಈಗ ಬಹಳ ಮನೆಗಳಲ್ಲಿ ಇರುವುದರಿಂದ ಇದನ್ನು ಹೇಳುವುದು ಅಗತ್ಯವೆಂದು ತೋರಿತು.

ತುಮಕೂರು ರಸ್ತೆಯ ಎಂಟನೇ ಮೈಲಿಯಲ್ಲಿ ಬಲಕ್ಕೆ ಹೊರಳಿ ಹೆಸರಘಟ್ಟ ರಸ್ತೆ ಹಿಡಿದರೆ ಬಾಗಲಗುಂಟೆ ಸಿಗುತ್ತದೆ. ದಾಸರಹಳ್ಳಿ ನಗರಸಭೆಗೆ ಸೇರಿದ್ದ ಈ ಪ್ರದೇಶ 2007ರಲ್ಲಿ ಬೆಂಗಳೂರು ಮಹಾನಗರದ ತೆಕ್ಕೆಗೆ ಬಂತು. ಪೀಣ್ಯದ ಕಾರ್ಖಾನೆಗಳನ್ನೂ ಸಿದ್ಧ ಉಡುಪಿನ ಘಟಕಗಳನ್ನೂ ನಂಬಿ ಬಂದ ಕುಟುಂಬಗಳು ಇಲ್ಲಿ ಹೆಚ್ಚು. 2015ರಲ್ಲಿ ನಾಗಸಂದ್ರದವರೆಗೆ ಬಂದ ಮೆಟ್ರೋ ರೈಲು 2024ರ ನವೆಂಬರಿನಲ್ಲಿ ಮಂಜುನಾಥನಗರವನ್ನು ಹಾದು ಮಾದಾವರದವರೆಗೆ ಮುಂದುವರಿದ ಮೇಲೆ ಬಾಡಿಗೆಗಳೂ ಮುಂದುವರಿದಿವೆ. ಗಂಡನೊಬ್ಬನ ಸಂಬಳದಲ್ಲಿ ಬಾಡಿಗೆ, ಶಾಲೆಯ ಶುಲ್ಕ, ಊರಿನಲ್ಲಿರುವ ತಂದೆ ತಾಯಿಯರ ಔಷಧ ಇವೆಲ್ಲ ನಡೆಯುವುದು ಕಷ್ಟ. ಪಾಳಿಯ ಕೆಲಸಕ್ಕೆ ಹೋಗಲಾಗದ ತಾಯಂದಿರು ಮನೆಯಲ್ಲೇ ಕುಳಿತು ಮಾಡಬಹುದಾದ ವ್ಯಾಪಾರವನ್ನು ಹುಡುಕಿಕೊಂಡದ್ದರಲ್ಲಿ ಆಶ್ಚರ್ಯವಿಲ್ಲ.

ಆ ವ್ಯಾಪಾರದ ದಾರಿ ತೆರೆದದ್ದೂ ನಮ್ಮ ಊರಿನಲ್ಲಿಯೇ. 2015ರಲ್ಲಿ ವಿದಿತ್ ಆತ್ರೇ ಮತ್ತು ಸಂಜೀವ್ ಬರ್ನ್‌ವಾಲ್ ಎಂಬ ಇಬ್ಬರು ತರುಣರು ಬೆಂಗಳೂರಿನಲ್ಲಿ ಮೀಶೋ ಎಂಬ ಸಂಸ್ಥೆಯನ್ನು ಕಟ್ಟಿದರು. ಸೀರೆ, ಕುರ್ತಾ, ಪಾತ್ರೆ ಪಡಗಗಳ ಚಿತ್ರಗಳನ್ನು ಗೃಹಿಣಿಯು ತನ್ನ ಪರಿಚಿತರಿಗೆ ವಾಟ್ಸ್ಆಪಿನಲ್ಲಿ ಕಳುಹಿಸುವುದು, ಸಂಸ್ಥೆಯ ಬೆಲೆಯ ಮೇಲೆ ತನ್ನ ಲಾಭವನ್ನು ಸೇರಿಸಿ ಹೇಳುವುದು, ಒಪ್ಪಿದವರ ವಿಳಾಸಕ್ಕೆ ಆರ್ಡರ್ ಹಾಕುವುದು, ಸರಕು ನೇರವಾಗಿ ಅವರ ಮನೆಗೆ ಹೋದ ಮೇಲೆ ಲಾಭದ ಅಂಶ ಗೃಹಿಣಿಯ ಖಾತೆಗೆ ಬರುವುದು: ಇದು ಅದರ ಆರಂಭದ ವರ್ಷಗಳ ಕ್ರಮ. ಬಂಡವಾಳ ಬೇಡ, ಅಂಗಡಿ ಬೇಡ. ಮುಂದೆ ಆ ಸಂಸ್ಥೆ ಗ್ರಾಹಕರಿಗೇ ನೇರವಾಗಿ ಮಾರುವತ್ತ ಹೊರಳಿತು. ಆದರೆ ಹೆಂಗಸರ ಕೈಗೆ ಹತ್ತಿದ ವಿದ್ಯೆ ಹತ್ತಿಯೇ ಉಳಿಯಿತು. ಈಗ ಅನೇಕರು ರಿಯಾಯಿತಿಯ ದಿನಗಳಲ್ಲಿ ನಾಲ್ಕಾರು ಜಾಲತಾಣಗಳಿಂದ ಸರಕನ್ನು ತಾವೇ ತರಿಸಿ, ಮನೆಯಲ್ಲಿ ಇಟ್ಟುಕೊಂಡು, ಗೊತ್ತಿದ್ದವರಿಗೆ ಮಾರುತ್ತಾರೆ. ಕ್ರಿಸ್ಮಸ್ ನಕ್ಷತ್ರಗಳು, ಗೋದಲಿಯ ಗೊಂಬೆಗಳು, ಜಪಸರಗಳು, ದೀಕ್ಷಾಸ್ನಾನದ ಅಂಗಿಗಳು, ವೇಲಾಂಗಣ್ಣಿಗೆ ಹೋಗುವವರಿಗೆ ಕಾವಿ ಬಣ್ಣದ ಸೀರೆಗಳು. ಯಾವ ಮನೆಗೆ ಯಾವಾಗ ಏನು ಬೇಕೆಂಬುದು ಧರ್ಮಕೇಂದ್ರದ ತಾಯಂದಿರಿಗೆ ತಿಳಿದಿರುವಷ್ಟು ದೊಡ್ಡ ಕಂಪನಿಗಳಿಗೆ ತಿಳಿದಿರಲಾರದು.

ಈ ಎರಡನೆಯ ಬಗೆಯ ವ್ಯಾಪಾರದಲ್ಲಿ ಮಾತ್ರ ಬಂಡವಾಳ ಸ್ವಂತದ್ದು. ಆದ್ದರಿಂದ ನಷ್ಟವೂ ಸ್ವಂತದ್ದು.

ನಮ್ಮ ಸೋದರಿ ಮಹಿಳಾ ಸ್ವಸಹಾಯ ಸಂಘದಿಂದ 6,000 ರೂಪಾಯಿ ಸಾಲ ಪಡೆದು, ಕೈಯಿಂದ 200 ಸೇರಿಸಿ, ಪ್ರಥಮ ಪರಮಪ್ರಸಾದಕ್ಕೆ ಬೇಕಾಗುವ ಬಿಳಿ ಫ್ರಾಕುಗಳನ್ನು ಹತ್ತು ತರಿಸಿದರು. ಏಳು ಮಾರಾಟವಾದವು. ಒಂದರ ಹೊಲಿಗೆ ಬಿಟ್ಟಿದ್ದರಿಂದ ಹಿಂತಿರುಗಿಸಿದರು. ಎರಡು ಬೀರುವಿನಲ್ಲಿ ಉಳಿದವು. ಸರಕನ್ನು ಮನೆಗಳಿಗೆ ಮುಟ್ಟಿಸಿ ಹಣ ತರುವ ಕೆಲಸ ಬೈಕು ಇದ್ದ ಮೈದುನನದು. ಎಲ್ಲ ಮುಗಿದ ಮೇಲೆ ಡಬ್ಬಿಯ ನಗದನ್ನೂ ಫೋನಿಗೆ ಬಂದಿದ್ದ ಹಣವನ್ನೂ ಕೂಡಿಸಿ ನೋಡಿದರೆ 4,358 ರೂಪಾಯಿ. ಹಾಕಿದ್ದು 6,200. ಲಾಭದ ಮಾತು ಹಾಗಿರಲಿ, ಅಸಲಿನಲ್ಲೇ 1,842 ಇಲ್ಲ. ಸಂಘಕ್ಕೆ ಕಂತು ಕಟ್ಟುವ ದಿನ ಹತ್ತಿರವಾಗಿತ್ತು. ಹಣ ಮುಟ್ಟಿದವನು ಮೈದುನನೊಬ್ಬನೇ. ಕೊಂಡವರೆಲ್ಲ ನಮ್ಮವರೇ ಆದ್ದರಿಂದ ಮನೆಮನೆಗೆ ಹೋಗಿ ಕೊಟ್ಟಿರಾ ಎಂದು ಕೇಳಲು ಸಂಕೋಚ. ಆತ ಹಿಂದಿನ ವಾರವಷ್ಟೇ ಹೊಸ ಬೂಟು ಕೊಂಡಿದ್ದ. ಸಂಶಯಕ್ಕೆ ಇಷ್ಟು ಸಾಕಾಗುತ್ತದೆ.

ನಾನು ಪೀಣ್ಯದ ಕಾರ್ಖಾನೆಯೊಂದರ ಲೆಕ್ಕಪತ್ರ ವಿಭಾಗದಲ್ಲಿ ದುಡಿದು ನಿವೃತ್ತನಾದವನು. ಒಂದು ಭಾನುವಾರ ಮಧ್ಯಾಹ್ನ ಆಕೆ ಫೋನನ್ನೂ ಗೋಡೆಯ ಕ್ಯಾಲೆಂಡರನ್ನೂ ಹಿಡಿದು ಬಂದರು. ಲೆಕ್ಕವೆಲ್ಲ ಕ್ಯಾಲೆಂಡರಿನ ಚೌಕಗಳಲ್ಲಿ ಇತ್ತು. ಹಾಲಿನವನ ಲೆಕ್ಕ, ಗ್ಯಾಸ್ ಬಂದ ದಿನ, ಅದರ ಪಕ್ಕದಲ್ಲೇ 'ಫ್ರಾಕ್ 3'.

"ಅಂಕಲ್, 640ರದ್ದನ್ನು 750ಕ್ಕೆ ಮಾರಿದೆ. ಒಂದಕ್ಕೆ 110. ಏಳಕ್ಕೆ 770 ರೂಪಾಯಿ ಲಾಭ ಬರಬೇಕಲ್ಲವೇ? ಅಸಲೇ ಇಲ್ಲವಲ್ಲ" ಎಂದರು.

ಮೈದುನನನ್ನೂ ಕರೆಸಬೇಕೆಂದು ನಾನು ಹೇಳಿದೆ. ಆತ ಬಂದು ಬಾಗಿಲ ಬಳಿಯ ಕುರ್ಚಿಯಲ್ಲಿ ಕುಳಿತ. ಮಗಳ ಕಂಪ್ಯೂಟರಿನಲ್ಲಿ ಒಂದು ಹೊಸ ಸ್ಪ್ರೆಡ್‌ಶೀಟ್ ತೆರೆದೆವು.

ಇಲ್ಲಿ ಸ್ವಲ್ಪ ಹಳೆಯ ಕಥೆ. ಹಾಳೆಯನ್ನು ಕಾಲಂ ಮತ್ತು ಸಾಲುಗಳಾಗಿ ಗೆರೆ ಹಾಕಿ, ಒಂದು ಚೌಕದ ಅಂಕಿ ಬದಲಾದರೆ ಅದನ್ನು ಅವಲಂಬಿಸಿದ ಎಲ್ಲ ಚೌಕಗಳೂ ತಾವಾಗಿ ಬದಲಾಗುವಂತೆ ಮಾಡುವ ಯೋಚನೆ 1978ರಲ್ಲಿ ಹಾರ್ವರ್ಡಿನ ವಿದ್ಯಾರ್ಥಿ ಡ್ಯಾನ್ ಬ್ರಿಕ್ಲಿನ್ ಅವರಿಗೆ ಹೊಳೆಯಿತು. ಪ್ರಾಧ್ಯಾಪಕರು ಕಪ್ಪು ಹಲಗೆಯ ಮೇಲೆ ಒಂದು ತಪ್ಪನ್ನು ತಿದ್ದಲು ಹೋಗಿ ಸಾಲುಸಾಲಾಗಿ ಅಂಕಿಗಳನ್ನು ಅಳಿಸಿ ಬರೆಯಬೇಕಾದುದನ್ನು ನೋಡಿದಾಗ ಬಂದ ಯೋಚನೆ ಅದು. ಬಾಬ್ ಫ್ರಾಂಕ್‌ಸ್ಟನ್ ಜೊತೆಗೂಡಿದರು. 1979ರಲ್ಲಿ ವಿಸಿಕ್ಯಾಲ್ಕ್ ಹೊರಬಂತು. ಇಂದಿನ ಎಕ್ಸೆಲ್, ಗೂಗಲ್ ಶೀಟ್ಸ್‌ಗಳು ಅದರ ವಂಶದವು. ಆದರೆ ಲೆಕ್ಕವಿಡುವ ಶಾಸ್ತ್ರ ಇದಕ್ಕಿಂತ ಬಹಳ ಹಿಂದಿನದು, ಮತ್ತು ಅದನ್ನು ಅಚ್ಚಿಗೆ ತಂದವರು ನಮ್ಮವರೇ ಎಂಬುದು ಎಷ್ಟೋ ಜನಕ್ಕೆ ತಿಳಿಯದು. ಲೂಕಾ ಪಾಚಿಯೋಲಿ ಎಂಬ ಫ್ರಾನ್ಸಿಸ್ಕನ್ ಸಭೆಯ ಸನ್ಯಾಸಿ 1494ರಲ್ಲಿ ವೆನಿಸ್ ನಗರದಲ್ಲಿ ಪ್ರಕಟಿಸಿದ ಗಣಿತ ಗ್ರಂಥದಲ್ಲಿ ಜಮಾ ಖರ್ಚಿನ ದ್ವಿಪದ್ಧತಿಯನ್ನು ವಿವರಿಸಿದರು. ವರ್ತಕನಿಗೆ ಮೂರು ಪುಸ್ತಕಗಳಿರಬೇಕೆಂದರು: ನಡೆದದ್ದನ್ನು ನಡೆದ ಹಾಗೆ ಗೀಚಿಡಲು ಒಂದು, ದಿನವಹಿ ಒಂದು, ಖಾತೆ ಪುಸ್ತಕ ಒಂದು. ಮೊದಲ ಪುಸ್ತಕಗಳ ಮೇಲೆ ಶಿಲುಬೆಯ ಗುರುತು ಹಾಕುವ ರೂಢಿಯನ್ನೂ ಅವರು ಹೇಳುತ್ತಾರೆ. ನಮ್ಮ ಕನ್ನಡ ನಾಡಿನ ವರ್ತಕರು ಹುಣಸೆ ಬೀಜದ ಅಂಟು ಮತ್ತು ಇದ್ದಿಲು ಹಚ್ಚಿ ಕಪ್ಪಾಗಿಸಿದ ಬಟ್ಟೆಯ ಕಡತದಲ್ಲಿ ಬಳಪದಿಂದ ಬರೆಯುತ್ತಿದ್ದರು. ಇಂದು ಕಚೇರಿಯಲ್ಲಿ ಫೈಲಿಗೆ ಕಡತವೆನ್ನುವುದು ಆ ನೆನಪಿನಿಂದಲೇ. ಆದ್ದರಿಂದ ಸ್ಪ್ರೆಡ್‌ಶೀಟ್ ಎಂದಾಕ್ಷಣ ಇದು ಐಟಿ ಕಂಪನಿಯವರ ವಸ್ತುವೆಂದು ಯಾವ ತಾಯಿಯೂ ಹಿಂಜರಿಯಬೇಕಾಗಿಲ್ಲ. ಕಿರ್ದಿ ಖಾತೆಗಳೇ ಫೋನಿನೊಳಗೆ ಬಂದಿವೆ.

ಮೊದಲ ನಿಯಮವನ್ನು ನಾನು ಬಿಡಿಸಿ ಹೇಳಬೇಕಾಯಿತು. ಒಂದು ಆರ್ಡರಿಗೆ ಒಂದು ಸಾಲಲ್ಲ. ಒಂದು ವಸ್ತುವಿಗೆ ಒಂದು ಸಾಲು. ಹತ್ತು ಫ್ರಾಕು ಒಂದೇ ಆರ್ಡರಿನಲ್ಲಿ ಬಂದರೂ ಅವುಗಳ ಹಣೆಬರಹ ಬೇರೆ ಬೇರೆ. ಒಂದು ಮಾರಿಹೋಗುತ್ತದೆ, ಒಂದು ಹಿಂದಕ್ಕೆ ಹೋಗುತ್ತದೆ, ಒಂದು ಉಳಿಯುತ್ತದೆ. ಹತ್ತನ್ನೂ ಒಂದೇ ಸಾಲಿನಲ್ಲಿ ಬರೆದರೆ ಯಾವುದರ ಗತಿ ಏನಾಯಿತೆಂದು ಬರೆಯಲು ಜಾಗವೇ ಇರುವುದಿಲ್ಲ. ಆರ್ಡರ್ ಸಂಖ್ಯೆಯನ್ನು ಹತ್ತು ಸಾಲುಗಳಲ್ಲೂ ನಕಲು ಮಾಡಿದರೆ ಸಾಕು.

ಎಡದಿಂದ ಬಲಕ್ಕೆ ಕಾಲಂಗಳು ಹೀಗೆ ಬಂದವು. ಆರ್ಡರ್ ಹಾಕಿದ ದಿನ, ಯಾವ ತಾಣ, ಆರ್ಡರ್ ಸಂಖ್ಯೆ, ಸರಕು, ಅಳತೆ. ಆಮೇಲೆ ಕೊಂಡ ಬೆಲೆ, ಸಾಗಣೆಯ ಪಾಲು, ರಿಯಾಯಿತಿಯ ಪಾಲು, ನಿಜವಾಗಿ ಬಿದ್ದ ದರ. ಆಮೇಲೆ ಸರಕು ಕೈಸೇರಿದ ದಿನ, ಹಿಂತಿರುಗಿಸಲು ಕಡೆಯ ದಿನ. ಕೊನೆಗೆ ಯಾರಿಗೆ ಮಾರಿದ್ದು, ಎಷ್ಟಕ್ಕೆ, ಎಂದು, ಹಣ ಬಂದ ದಿನ, ನಗದೋ ಯುಪಿಐಯೋ, ಸ್ಥಿತಿ. ಮಾರಿದ ದಿನ ಮತ್ತು ಹಣ ಬಂದ ದಿನ ಇವೆರಡಕ್ಕೂ ಬೇರೆ ಬೇರೆ ಕಾಲಂ ಏಕೆಂದು ಆಕೆ ಕೇಳಿದರು. ಸ್ವಲ್ಪ ತಡೆಯಿರಿ ಎಂದೆ.

ನಿಜವಾಗಿ ಬಿದ್ದ ದರವೆಂಬುದು ಈ ಹಾಳೆಯ ಹೃದಯ. ಫ್ರಾಕಿನ ಬೆಲೆ 640; ಹತ್ತಕ್ಕೆ 6,400. ಸಾಗಣೆಗೆ 120 ಸೇರಿತು. ಕೂಪನ್ನಿನಿಂದ 320 ಕಳೆಯಿತು. ಕೊಟ್ಟದ್ದು 6,200. ಅಂದರೆ ಒಂದಕ್ಕೆ 640 ಅಲ್ಲ, 620. ಆಕೆ ತಲೆಯಲ್ಲಿ ಇಟ್ಟುಕೊಂಡಿದ್ದ ಲಾಭದ ಲೆಕ್ಕ ಅಲ್ಲಿಯೇ ತಪ್ಪಿತ್ತು. ಈ ಬಾರಿ ಅದೃಷ್ಟಕ್ಕೆ ತಮ್ಮ ಕಡೆಗೇ ಲಾಭವಾಗುವಂತೆ ತಪ್ಪಿತ್ತು. ಸಾಗಣೆ ಹೆಚ್ಚಾಗಿ ಕೂಪನ್ ಇಲ್ಲದಿದ್ದರೆ ತಪ್ಪು ಇನ್ನೊಂದು ಕಡೆಗೆ ಬೀಳುತ್ತದೆ. ಕೊಂಡ ಬೆಲೆಗೆ ಸಾಗಣೆಯ ಪಾಲನ್ನು ಕೂಡಿ, ರಿಯಾಯಿತಿಯ ಪಾಲನ್ನು ಕಳೆಯುವ ಸೂತ್ರವನ್ನು ಸಮ ಚಿಹ್ನೆಯಿಂದ ಆರಂಭಿಸಿ ಮೊದಲ ಸಾಲಿನಲ್ಲಿ ಬರೆದರೆ ಸಾಕು. ಚೌಕದ ಮೂಲೆಯನ್ನು ಹಿಡಿದು ಕೆಳಕ್ಕೆ ಎಳೆದರೆ ಉಳಿದ ಸಾಲುಗಳಿಗೂ ಅದು ಇಳಿಯುತ್ತದೆ.

ಹಿಂತಿರುಗಿಸಿದ ಫ್ರಾಕಿನ ಕಥೆ ನೋಡಿ. ಅದರ ಬಾಬ್ತು ವಾಪಸು ಬಂದದ್ದು 608 ರೂಪಾಯಿ. ಕೂಪನ್ನಿನ ಪಾಲು 32 ಕಳೆದು ಕೊಟ್ಟಿದ್ದಾರೆ. ಸಾಗಣೆಯ ಪಾಲು 12 ಬರಲಿಲ್ಲ. ಅಂದರೆ ಅದರಲ್ಲಿ 12 ರೂಪಾಯಿ ನಷ್ಟ. ಹನ್ನೆರಡು ರೂಪಾಯಿ ದೊಡ್ಡದಲ್ಲ. ಆದರೆ ಹಿಂತಿರುಗಿಸಿದ್ದನ್ನೆಲ್ಲ ಸರಿಹೋಯಿತೆಂದು ಮರೆಯುವವರು ಹಣ ನಿಜಕ್ಕೂ ವಾಪಸು ಬಂತೇ ಎಂದು ನೋಡುವುದನ್ನೂ ಮರೆಯುತ್ತಾರೆ. ಆದ್ದರಿಂದ ಸ್ಥಿತಿಯ ಕಾಲಮ್ಮಿನಲ್ಲಿ 'ಹಿಂತಿರುಗಿಸಿದೆ' ಎಂಬುದು ಒಂದು, 'ಹಣ ವಾಪಸು ಬಂದಿದೆ' ಎಂಬುದು ಇನ್ನೊಂದು. ಕೈಯಿಂದ ಟೈಪು ಮಾಡುವ ಬದಲು ಆಯ್ಕೆಯ ಪಟ್ಟಿಯನ್ನು ಇಟ್ಟುಕೊಳ್ಳುವುದು ಲೇಸು. ಇಲ್ಲವಾದರೆ ಒಂದು ದಿನ 'ಮಾರಿದೆ', ಇನ್ನೊಂದು ದಿನ 'ಮಾರಾಟ ಆಯ್ತು' ಎಂದು ಬರೆದುಬಿಡುತ್ತೇವೆ. ನಮಗೆ ಎರಡೂ ಒಂದೇ. ಯಂತ್ರಕ್ಕೆ ಬೇರೆ ಬೇರೆ.

ಇನ್ನೆರಡು ಸಣ್ಣ ಎಚ್ಚರಿಕೆಗಳನ್ನು ಇಲ್ಲಿಯೇ ಹೇಳಿಬಿಡುತ್ತೇನೆ, ಏಕೆಂದರೆ ಇವು ಕಲಿತವರನ್ನೂ ಕೆಡವುತ್ತವೆ. ಬರಿಯ ಅಂಕಿಗಳ ಆರ್ಡರ್ ಸಂಖ್ಯೆ ಹದಿನೈದು ಅಂಕಿಗಳನ್ನು ದಾಟಿದರೆ ಎಕ್ಸೆಲ್ ಅದರ ಬಾಲವನ್ನು ಸೊನ್ನೆಯಾಗಿಸುತ್ತದೆ. ದೂರು ಕೊಡಲು ಹೋದಾಗ ಆ ಸಂಖ್ಯೆಯ ಆರ್ಡರೇ ಇಲ್ಲವೆಂಬ ಉತ್ತರ ಬರುತ್ತದೆ. ಆದ್ದರಿಂದ ಆ ಕಾಲಮ್ಮನ್ನು ಮೊದಲೇ ಅಕ್ಷರರೂಪಕ್ಕೆ, ಅಂದರೆ ಟೆಕ್ಸ್ಟ್‌ಗೆ, ಬದಲಿಸಿಡಬೇಕು. ಇನ್ನೊಂದು ದಿನಾಂಕದ್ದು. ಹಾಳೆಯ ದೇಶದ ಆಯ್ಕೆ ಅಮೆರಿಕ ಎಂದಿದ್ದರೆ ನಮ್ಮ ಏಪ್ರಿಲ್ 3 ಅದಕ್ಕೆ ಮಾರ್ಚ್ 4 ಆಗುತ್ತದೆ. ಹಿಂತಿರುಗಿಸುವ ಕಡೆಯ ದಿನವೆಲ್ಲ ಏರುಪೇರು. ಭಾರತವೆಂದು ಬದಲಿಸಿಕೊಂಡರಾಯಿತು.

ಹಿಂತಿರುಗಿಸುವ ಗಡುವು ಏಳು ದಿನವೋ ಹತ್ತು ದಿನವೋ, ತಾಣಕ್ಕೊಂದು, ಸರಕಿಗೊಂದು. ಕೈಸೇರಿದ ದಿನಕ್ಕೆ ಅಷ್ಟನ್ನು ಕೂಡಿಸುವ ಸೂತ್ರ ಹಾಕಿ, ಗಡುವಿಗೆ ಎರಡು ದಿನವಿರುವಾಗ ಚೌಕ ಕೆಂಪಾಗುವಂತೆ ಮಾಡಬಹುದು. ಬೀರುವಿನಲ್ಲಿ ಉಳಿದ ಎರಡು ಫ್ರಾಕುಗಳ ಸಾಲಿನಲ್ಲಿ ಆ ಚೌಕಗಳು ಕೆಂಪಾಗುವ ಕಾಲವೂ ಕಳೆದಿತ್ತು. ಅವನ್ನು ಆಕೆ ಲೆಕ್ಕಕ್ಕೇ ಹಿಡಿದಿರಲಿಲ್ಲ. "ಅವು ಇಲ್ಲೇ ಇವೆಯಲ್ಲ ಅಂಕಲ್" ಎಂದರು. ಇವೆ, ನಿಜ. 620ರ ಎರಡು ನೋಟಿನ ಕಟ್ಟುಗಳು ಹ್ಯಾಂಗರಿನಲ್ಲಿ ನೇತಾಡುತ್ತಿವೆ ಎಂದುಕೊಳ್ಳಿ ಎಂದೆ. 1,842ರಲ್ಲಿ 1,240 ಎಲ್ಲಿದೆ ಎಂಬುದು ಆಗ ತಿಳಿಯಿತು.

ಆದರೆ ಅದರಿಂದ ಸಂಶಯ ತೀರಲಿಲ್ಲ. ಮಾರಿದ್ದು ಏಳು, 750ರಂತೆ 5,250 ಬರಬೇಕು. ವಾಪಸಿನ 608 ಕಳೆದರೆ ಕೈಯಲ್ಲಿರುವುದು 3,750 ಮಾತ್ರ. ಅಂದರೆ ಎರಡು ಫ್ರಾಕಿನ ಹಣ, 1,500 ರೂಪಾಯಿ, ಬಂದೇ ಇಲ್ಲ.

ಹೆಸರು ಹೆಸರಾಗಿ ಹಾಳೆಯನ್ನು ತುಂಬುತ್ತ ಹೋದೆವು. ಫೋನಿನ ಸಂದೇಶಗಳನ್ನು ನೋಡಿ ಆಕೆ ದಿನಾಂಕ ಹೇಳುತ್ತಿದ್ದರು. ಐದು ಸಾಲುಗಳಲ್ಲಿ ಹಣ ಬಂದ ದಿನ ತುಂಬಿತು. ಎರಡು ಸಾಲುಗಳಲ್ಲಿ ಆ ಚೌಕ ಖಾಲಿ ಉಳಿಯಿತು. ಬಾಗಿಲ ಬಳಿ ಕುಳಿತಿದ್ದ ಹುಡುಗ ಎದ್ದು ಬಂದು ಪರದೆಯನ್ನು ನೋಡಿದ.

"ಅತ್ತಿಗೆ, ಈ ಎರಡು ಮನೆಯವರೂ ಸಂಬಳವಾದ ಮೇಲೆ ಕೊಡುತ್ತೇವೆ ಎಂದರಲ್ಲ. ನಾನು ಆವತ್ತೇ ನಿಮಗೆ ಹೇಳಿದೆ. ನೀವು ಒಗ್ಗರಣೆ ಹಾಕುತ್ತಿದ್ದಿರಿ, ಹೂಂ ಎಂದಿರಿ."

ಆಕೆ ಬಹಳ ಹೊತ್ತು ಪರದೆಯನ್ನೇ ನೋಡುತ್ತಿದ್ದರು. ಆಮೇಲೆ ಎದ್ದು ಹೋಗಿ ಮೂವರಿಗೂ ಕಾಫಿ ಮಾಡಿಕೊಂಡು ಬಂದರು. ಮೊದಲ ಲೋಟವನ್ನು ಮೈದುನನ ಕೈಗೆ ಕೊಟ್ಟರು. ಕ್ಷಮೆಯ ಮಾತು ನನ್ನ ಎದುರಿಗೆ ಆಗಲಿಲ್ಲ, ಆಗಬೇಕಾಗಿಯೂ ಇರಲಿಲ್ಲ.

ಲಾಭವೆಷ್ಟೆಂಬ ಪ್ರಶ್ನೆ ಇನ್ನೂ ಉಳಿದಿತ್ತು. ಮಾರಿದ ಏಳರಲ್ಲಿ 130ರಂತೆ 910. ಹಿಂತಿರುಗಿಸಿದ್ದರಲ್ಲಿ ನಷ್ಟ 12. ಉಳಿದದ್ದು 898. ಕೈಯಲ್ಲಿ 1,842 ಕಡಿಮೆ, ಕಾಗದದ ಮೇಲೆ 898 ಲಾಭ: ಎರಡೂ ಏಕಕಾಲಕ್ಕೆ ಸತ್ಯ. ಬರಬೇಕಾದ 1,500 ಮತ್ತು ಬೀರುವಿನ 1,240 ಸೇರಿಸಿ, ಅದರಿಂದ 1,842 ಕಳೆದು ನೋಡಿ. ಇದನ್ನು ತಿಳಿಯದೆ ಎಷ್ಟು ಸಣ್ಣ ವ್ಯಾಪಾರಗಳು ಮುಳುಗಿವೆಯೋ, ಎಷ್ಟು ಮನೆಗಳಲ್ಲಿ ಮುಗ್ಧರು ಕಳ್ಳರೆನಿಸಿಕೊಂಡಿದ್ದಾರೋ. ಅಷ್ಟಕ್ಕೂ 898 ಪೂರ್ತಿ ಆಕೆಯದಲ್ಲ. ಸಂಘದ ಸಾಲಕ್ಕೆ ನೂರಕ್ಕೆ ತಿಂಗಳಿಗೆ ಒಂದರಂತೆ ಎರಡು ತಿಂಗಳ ಬಡ್ಡಿ 120. ಬೈಕಿನ ಪೆಟ್ರೋಲು 150. ಇವಕ್ಕೆ ಕೆಳಗಿನ ತುದಿಯಲ್ಲಿ ಬೇರೊಂದು ಹಾಳೆ ತೆರೆದು ಖರ್ಚು ಎಂದು ಹೆಸರಿಟ್ಟೆವು. ಕೊನೆಗೆ ನಿಂತದ್ದು 628 ರೂಪಾಯಿ. ಆಕೆಯ ಮುಖ ಸಪ್ಪಗಾಯಿತು. ಬಂಡವಾಳದ ಮೇಲೆ ನೂರಕ್ಕೆ ಹತ್ತು ಬಂದಿದೆ, ಸಣ್ಣದೇನಲ್ಲ ಎಂದು ನಾನು ಸಮಾಧಾನ ಹೇಳಿದೆ. ರಾತ್ರಿ ಹತ್ತರವರೆಗೆ ಫೋನಿನಲ್ಲಿ ಉತ್ತರಿಸಿದ ಹೊತ್ತಿಗೆ ಕೂಲಿ ಹಾಕಿದರೆ ಏನುಳಿಯುತ್ತದೆ ಎಂದು ಆಕೆ ಕೇಳಲಿಲ್ಲ. ಕೇಳಿದ್ದರೆ ನನ್ನಲ್ಲಿ ಉತ್ತರವಿರಲಿಲ್ಲ.

ಮೇಲಿನ ಒಟ್ಟುಗಳನ್ನೆಲ್ಲ ಪ್ರತಿ ಬಾರಿ ಕೂಡಿಸುವ ಶ್ರಮ ಬೇಡ. ಷರತ್ತಿಗೆ ಒಳಪಟ್ಟ ಸಾಲುಗಳನ್ನು ಮಾತ್ರ ಕೂಡಿಸುವ 'ಸಮ್ಇಫ್' ಎಂಬ ಸೂತ್ರವಿದೆ. ಉಳಿದ ಸರಕು ಎಷ್ಟು ರೂಪಾಯಿಯದು, ಬಾಕಿ ಎಷ್ಟು, ವಾಪಸು ಬರಬೇಕಾದ ಹಣವೆಷ್ಟು, ಈ ಮೂರನ್ನು ಹಾಳೆಯ ನೆತ್ತಿಯಲ್ಲಿ ಇಟ್ಟುಕೊಂಡರೆ ತೆರೆದಾಕ್ಷಣ ಕಣ್ಣಿಗೆ ಬೀಳುತ್ತವೆ. ಗೂಗಲ್ ಶೀಟ್ಸಿನಲ್ಲಿ ಮಾಡಿದರೆ ಅತ್ತಿಗೆಯ ಫೋನಿನಲ್ಲೂ ಮೈದುನನ ಫೋನಿನಲ್ಲೂ ಒಂದೇ ಹಾಳೆ. ಹಣ ಕೈಗೆ ಬಿದ್ದ ಮನೆಯ ಬಾಗಿಲಲ್ಲೇ ಆತ ದಿನಾಂಕ ತುಂಬುತ್ತಾನೆ. ಯಾರಾದರೂ ತಪ್ಪಿ ಅಳಿಸಿದರೂ ಹಿಂದಿನ ಪ್ರತಿಯನ್ನು ಮರಳಿ ತರಬಹುದು. ಆದರೆ ಕೊಂಡವರ ಹೆಸರು ವಿಳಾಸಗಳಿರುವ ಹಾಳೆಯ ಕೊಂಡಿಯನ್ನು ವಾಟ್ಸ್ಆಪ್ ಗುಂಪಿಗೆ ಹಾಕುವ ಅವಿವೇಕ ಬೇಡ. ಯಾರು ಸಾಲ ಹೇಳಿದ್ದಾರೆಂಬುದು ಧರ್ಮಕೇಂದ್ರಕ್ಕೆಲ್ಲ ತಿಳಿಯಬೇಕಾದ ವಿಷಯವಲ್ಲ.

ತೆರಿಗೆಯ ಮಾತನ್ನೂ ಆಡದೆ ಇರುವಂತಿಲ್ಲ. 2025ರ ಜುಲೈನಲ್ಲಿ ಬೆಂಗಳೂರಿನ ಬೇಕರಿ, ಕಾಂಡಿಮೆಂಟ್ಸ್, ತರಕಾರಿ ಅಂಗಡಿಗಳ ಮುಂದೆ 'ಯುಪಿಐ ಇಲ್ಲ, ನಗದು ಮಾತ್ರ' ಎಂಬ ಚೀಟಿಗಳು ಕಾಣಿಸಿಕೊಂಡದ್ದು ಓದುಗರಿಗೆ ನೆನಪಿರಬಹುದು. 2021-22ರಿಂದ ಯುಪಿಐ ಮೂಲಕ ಬಂದ ಹಣವನ್ನು ಆಧರಿಸಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಸಾವಿರಾರು ಸಣ್ಣ ವರ್ತಕರಿಗೆ ನೋಟಿಸು ಕಳುಹಿಸಿತ್ತು. ವರ್ತಕರು ಬಂದ್ ಘೋಷಿಸಿದರು. ಮುಖ್ಯಮಂತ್ರಿಯವರು ಅವರೊಡನೆ ಸಭೆ ನಡೆಸಿದ ಮೇಲೆ ಅದು ಶಮನವಾಯಿತು. ಆಗ ಬಹಳ ಮಂದಿಯನ್ನು ಕಾಡಿದ್ದು ತೆರಿಗೆಗಿಂತ ಹೆಚ್ಚಾಗಿ ಲೆಕ್ಕವಿಲ್ಲದಿರುವಿಕೆ. ಫೋನಿಗೆ ಬಂದ ಹಣದಲ್ಲಿ ವ್ಯಾಪಾರದ್ದೆಷ್ಟು, ಅಣ್ಣ ಕಳುಹಿಸಿದ್ದೆಷ್ಟು, ಚೀಟಿಯ ಹಣವೆಷ್ಟು ಎಂದು ತೋರಿಸಲು ಕಾಗದವೇ ಇರಲಿಲ್ಲ. ರಾಜ್ಯದೊಳಗೆ ಸರಕುಗಳನ್ನಷ್ಟೇ ಮಾರುವವರಿಗೆ ವರ್ಷದ ವಹಿವಾಟು 40 ಲಕ್ಷ ರೂಪಾಯಿ ದಾಟುವವರೆಗೆ ಜಿಎಸ್‌ಟಿ ನೋಂದಣಿ ಕಡ್ಡಾಯವಲ್ಲ. ನಮ್ಮ ತಾಯಂದಿರ ವ್ಯಾಪಾರ ಅದರ ಹತ್ತಿರವೂ ಸುಳಿಯದು. ಹೊರರಾಜ್ಯಕ್ಕೆ ಕಳುಹಿಸುವವರು, ಜಾಲತಾಣಗಳಲ್ಲೇ ಅಂಗಡಿ ತೆರೆಯುವವರು ಮಾತ್ರ ಬೇರೆ ನಿಯಮಗಳಿವೆಯೆಂದು ತಿಳಿದು, ಬಲ್ಲವರನ್ನು ಕೇಳಿ ಮುಂದುವರಿಯಬೇಕು. ವ್ಯಾಪಾರಕ್ಕೆಂದೇ ಒಂದು ಬ್ಯಾಂಕ್ ಖಾತೆಯನ್ನು ಬೇರೆ ಇಟ್ಟುಕೊಳ್ಳುವುದು ಎಲ್ಲರಿಗೂ ಕ್ಷೇಮ. ಬಿಸ್ಕತ್ತಿನ ಡಬ್ಬಿಯಲ್ಲಿ ಹಾಲಿನ ಹಣವೂ ಫ್ರಾಕಿನ ಹಣವೂ ಒಟ್ಟಿಗೆ ಬಿದ್ದದ್ದೇ ಅರ್ಧ ಅನರ್ಥಕ್ಕೆ ಮೂಲ.

ಅಚ್ಚಾದ ಬೆಲೆಯ ವಿಷಯ ಬಹಳ ಜನಕ್ಕೆ ಗೊತ್ತಿಲ್ಲ. ಪೊಟ್ಟಣದ ಮೇಲೆ ಗರಿಷ್ಠ ಚಿಲ್ಲರೆ ಬೆಲೆ ಮುದ್ರಿತವಾಗಿದ್ದರೆ ಅದಕ್ಕಿಂತ ಒಂದು ರೂಪಾಯಿ ಹೆಚ್ಚಿಗೆ ಮಾರುವುದೂ 2011ರ ಪೊಟ್ಟಣ ಸರಕುಗಳ ನಿಯಮಗಳಿಗೆ ವಿರುದ್ಧ. ರಿಯಾಯಿತಿಯಲ್ಲಿ ಕೊಂಡು ಆ ಬೆಲೆಯ ಒಳಗೆ ಮಾರಲು ಅಡ್ಡಿಯಿಲ್ಲ. ಆದ್ದರಿಂದ ಹಾಳೆಯಲ್ಲಿ ಅದಕ್ಕೂ ಒಂದು ಕಾಲಂ ಇರಲಿ. ಮತ್ತೆ ಕೆಲವು ತಾಣಗಳು ಸ್ವಂತ ಬಳಕೆಗೆ ಮಾತ್ರ ಕೊಳ್ಳಬೇಕೆಂದು ನಿಬಂಧನೆ ಹಾಕಿರುತ್ತವೆ. ಅದನ್ನು ಓದಿ, ಮಾರಾಟಕ್ಕೆ ಅವಕಾಶವಿರುವ ಕಡೆಯಲ್ಲೇ ಕೊಳ್ಳುವುದು ಪ್ರಾಮಾಣಿಕತೆ.

ಕೊಂಡದ್ದಕ್ಕಿಂತ ಹೆಚ್ಚಿಗೆ ಮಾರುವುದು ಪಾಪವೇ ಎಂದು ನಮ್ಮ ಸೋದರಿ ನಡುವೆ ಕೇಳಿದರು. ನಗುವ ಪ್ರಶ್ನೆಯಲ್ಲ ಅದು. ಹದಿಮೂರನೆಯ ಶತಮಾನದಲ್ಲಿ ಸಂತ ತೋಮಸ್ ಅಕ್ವಿನಾಸರು ತಮ್ಮ ದೈವಶಾಸ್ತ್ರ ಸಂಗ್ರಹದಲ್ಲಿ ಇದೇ ಪ್ರಶ್ನೆಯನ್ನು ಎತ್ತಿಕೊಂಡಿದ್ದಾರೆ. ಲಾಭವೇ ಗುರಿಯಾದ ವ್ಯಾಪಾರವನ್ನು ಅವರು ಮೆಚ್ಚುವುದಿಲ್ಲ. ಆದರೆ ಮನೆಯನ್ನು ನಡೆಸಲು, ಬಡವರಿಗೆ ನೆರವಾಗಲು ಮಿತವಾದ ಲಾಭವನ್ನು ಬಯಸುವುದು ತಪ್ಪಲ್ಲ, ಅದು ದುಡಿಮೆಯ ಪ್ರತಿಫಲ ಎನ್ನುತ್ತಾರೆ. ಸರಕಿನಲ್ಲಿ ಮರೆಯಾಗಿರುವ ದೋಷವನ್ನು ಹೇಳದೆ ಮಾರಬಾರದು ಎನ್ನುತ್ತಾರೆ. ಇನ್ನೊಂದು ಮಾತು ನನ್ನನ್ನು ಬಹಳ ಯೋಚನೆಗೆ ಹಚ್ಚಿದೆ: ಕೊಳ್ಳುವವನ ಅಗತ್ಯ ದೊಡ್ಡದು, ಮಾರುವವನಿಗೆ ಅದರಿಂದ ನಷ್ಟವೇನೂ ಇಲ್ಲ ಎಂದಾದರೆ, ಆ ಅಗತ್ಯವನ್ನು ನೋಡಿ ಬೆಲೆ ಏರಿಸಬಾರದು. ಅಗತ್ಯ ಕೊಳ್ಳುವವನದು, ಮಾರುವವನು ತನ್ನದಲ್ಲದ್ದನ್ನು ಮಾರಿದಂತಾಗುತ್ತದೆ. ಪರಮಪ್ರಸಾದದ ಹಿಂದಿನ ಸಂಜೆ ಅಳತೆಗೆ ಸರಿಯಾದ ಬಿಳಿ ಫ್ರಾಕು ಸಿಗದೆ ಓಡಿಬಂದ ತಾಯಿಯೊಬ್ಬರಿಗೆ ನಮ್ಮ ಸೋದರಿ 750ಕ್ಕೇ ಕೊಟ್ಟಿದ್ದರು. ಸಾವಿರ ಕೇಳಿದ್ದರೂ ಕೊಡುತ್ತಿದ್ದರೆಂದು ಹೇಳಿಕೊಂಡರು. ಅಕ್ವಿನಾಸರನ್ನು ಓದದೆಯೇ ಆಕೆಗೆ ಅದು ತಿಳಿದಿತ್ತು.

ಸುಂಕದ ಕಟ್ಟೆಯಿಂದ ಎದ್ದು ಬಂದ ಸಂತ ಮತ್ತಾಯರು ಲೆಕ್ಕಿಗರ ಪಾಲಕ ಸಂತರು. ಸೆಪ್ಟೆಂಬರ್ 21 ಅವರ ಹಬ್ಬ. ಅವರ ಶುಭಸಂದೇಶದ ಒಂದು ಬೋಧನೆಯೇ ಆ ಭಾನುವಾರದ ಕೊನೆಯ ತೊಡಕನ್ನು ತಂದಿತು. ಉಳಿದ ಎರಡು ಫ್ರಾಕುಗಳಲ್ಲಿ ಒಂದನ್ನು ಮುಂದಿನ ವರ್ಷಕ್ಕೆ ಇಟ್ಟುಕೊಂಡು, ಇನ್ನೊಂದನ್ನು ಸಂತ ವಿನ್ಸೆಂಟ್ ದೆ ಪೌಲ್ ಸಭೆಯವರ ಮೂಲಕ ಒಂದು ಬಡ ಮಗುವಿಗೆ ಕೊಡುವುದೆಂದು ಆಕೆ ನಿಶ್ಚಯಿಸಿದರು. ಹಾಳೆಯಲ್ಲಿ ಅದನ್ನು ಬರೆಯಬೇಕೇ? ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದಲ್ಲವೇ ಎಂಬುದು ಆಕೆಯ ವಾದ. ಬರೆಯದಿದ್ದರೆ ಮುಂದಿನ ಬಾರಿ ಬೀರುವಿನಲ್ಲಿ ಒಂದು ಕಡಿಮೆಯಾಗಿ ಮತ್ತೆ ಯಾರ ಮೇಲೋ ಸಂಶಯ ಬರುತ್ತದೆ ಎಂಬುದು ಮೈದುನನ ವಾದ. ಇಬ್ಬರೂ ನನ್ನ ಕಡೆ ನೋಡಿದರು. ಸ್ಥಿತಿಯ ಪಟ್ಟಿಗೆ 'ಕೊಟ್ಟಿದೆ' ಎಂಬ ಹೊಸ ಆಯ್ಕೆಯನ್ನು ಸೇರಿಸಿ, ಮಾರಿದ ಬೆಲೆಯಲ್ಲಿ ಸೊನ್ನೆ ಬರೆದೆವು. ಯಾರಿಗೆ ಎಂಬ ಚೌಕವನ್ನು ಖಾಲಿ ಬಿಟ್ಟೆವು.